ಕುಣಿಯುವ ಮುಳ್ಳು

ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಧಾರವಾಡದ ಡಾಕ್ಟರೊಬ್ಬರು ಹೆಂಡತಿಯ ಜೊತೆ ವಿಲಾಯತಿ ಸ್ಪೋರ್ಟ್ಸ್ ಕಾರು ತಂದರು. ಓಡುತ್ತಿರುವಾಗಲೇ ಇಂಜಿನ್ ಬಂದ್ ಆಗುತ್ತಿತ್ತು. ಪ್ಲಗ್ಗು, ಕಾಯಿಲ್ಲು ಎಲ್ಲ ಬದಲಿಸಿದೆ, ರೋಗ ಹೋಗಲಿಲ್ಲ.

“ಬಂದ್ ಆಗೂಕಿಂತ ಮೊದ್ಲ ಆ ಮುಳ್ಳು ಕುಣೀತದ್ರಿ,” ಎಂದರು ಡಾಕ್ಟರ ಹೆಂಡತಿ. ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳದು.

ನಾನು ಅವರತ್ತ ತಿರುಗಲೂ ಇಲ್ಲ. “ಮೀಟರೂ ಕೆಟ್ಟೈತ್ರಿ ಸಾಹೇಬ್ರ, ಅದು ಬ್ಯಾರೇ ರೋಗ,” ಎಂದು ಡಾಕ್ಟರಿಗೆ ಹೇಳಿ, ಮೀಟರನ್ನೇ ಬಿಚ್ಚಿಟ್ಟುಕೊಂಡು, ಅದರ ಮೂಲಕ ಇಂಜಿನ್ನಿಗೆ ಹೋಗುತ್ತಿದ್ದ ವೈರ್ ನೇರ ಜೋಡಿಸಿ ಕಳಿಸಿದೆ.

ಧಾರವಾಡದ ದಾರಿಯಲ್ಲಿ ಸತ್ತೂರು ದಾಟುವುದರೊಳಗೆ ಕಾರು ನಿಂತಿತು. ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರು.

ಮೀಟರು ಮತ್ತೆ ಹಾಕಿ, ಇಂಜಿನ್ ಚಾಲೂ ಮಾಡಿ, ಒಂದೊಂದೇ ವೈರು ಅಲುಗಾಡಿಸಿದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರು ಮುಟ್ಟಿದೊಡನೆ ಮುಳ್ಳು ಕುಣಿಯಿತು, ಇಂಜಿನ್ ಬಂದಾಯಿತು. ಮೇಲಿನ ಹೊದಿಕೆ ನೆಟ್ಟಗಿತ್ತು, ಒಳಗಿನ ತಂತಿ ಹರಿದು, ಅಲುಗಿದಾಗೆಲ್ಲ ಕರೆಂಟು ತಪ್ಪುತ್ತಿತ್ತು; ಮುಳ್ಳು ಕುಣಿಯುತ್ತಿದ್ದುದೂ ಅದಕ್ಕೇ.

“ನೀವು ಹೇಳಿದ್ದ ಖರೇ ಇತ್ರಿ ಅಕ್ಕಾರ,” ಎಂದೆ. ಆಗಲೂ ಅವರ ಮುಖ ನೋಡಲಾಗಲಿಲ್ಲ.

“ಇರ್ಲಿ ಬಿಡ್ರಿ ಮಿಸ್ತ್ರಿ. ಮನ್ಯಾಗ ಹದಿನೈದು ದಿನದಿಂದ ಹೇಳಾಕತ್ತೇನಿ, ಅಲ್ಲೂ ಯಾರೂ ಕಿವಿಗೆ ಹಾಕ್ಕೊಂಡಿಲ್ಲ.”

ಡಾಕ್ಟರೂ ನಾನೂ ಬಹಳ ಹೊತ್ತು ಆ ವೈರನ್ನೇ ನೋಡುತ್ತ ನಿಂತೆವು. ಅದರಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.