ಹಾರ್ಡ್ ಡಿಸ್ಕಿನ ನಡುವಿನ ಭಾಗ

ಆ ಕಂಪ್ಯೂಟರ್ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಹುಣಸೂರಿನಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕುವಾಗ ಹಳೆ ಸಾಮಾನುಗಳನ್ನೆಲ್ಲ ಮಾರುತ್ತಿದ್ದರು. ನನ್ನ ಕಿವಿಯ ಓಲೆ ಮಾರಿ ಅದನ್ನು ಕೊಂಡೆ. ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ಸಿಪಿಯು ಡಬ್ಬವನ್ನು ಎರಡೂ ಕಾಲುಗಳ ನಡುವೆ ಒತ್ತಿಕೊಂಡು, ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ, ಭೇರ್ಯದ ಹತ್ತಿರದ ನಮ್ಮೂರಿಗೆ ತಂದವಳು ನಾನು. ಅಣ್ಣನೂ ಬರಲಿಲ್ಲ, ತಮ್ಮನೂ ಬರಲಿಲ್ಲ. ಇಬ್ಬರಿಗೂ ಅವತ್ತು ಬಹಳ ಕೆಲಸವಿತ್ತಂತೆ.

ಹಂಪಾಪುರದ ಕಡೆಯ ಒಂದು ಮನೆಗೆ ನನ್ನನ್ನು ಕೊಟ್ಟಿದ್ದರು. ಆ ಮನೆ ನನಗೆ ಒಗ್ಗಲಿಲ್ಲ, ಎರಡು ವರ್ಷಕ್ಕೆ ತವರಿಗೆ ವಾಪಸು ಬಂದೆ. ಕೂತು ಉಣ್ಣುತ್ತಾಳೆ ಅನ್ನುವ ಮಾತು ಹುಟ್ಟುವ ಮೊದಲೇ ಟೈಪಿಂಗ್ ಕೆಲಸ ಹಿಡಿದೆ. ಭೇರ್ಯದ, ಹೊಸ ಅಗ್ರಹಾರದ ಶಾಲೆಗಳ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಬರುತ್ತಿದ್ದವು. ಮೇಷ್ಟರುಗಳ ಕೈಬರಹ ದೇವರಿಗೇ ಪ್ರೀತಿ. ಅದನ್ನು ಓದಿ, ತಪ್ಪು ತಿದ್ದಿ, ಅಚ್ಚುಕಟ್ಟಾಗಿ ಟೈಪ್ ಮಾಡಿ ಕೊಡುತ್ತಿದ್ದೆ. ಮುಂದಿನ ಹಜಾರದ ಮೂಲೆಯಲ್ಲಿ ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ. ಅಷ್ಟು ಜಾಗದಲ್ಲಿ ನನ್ನ ಬದುಕು ನಡೆಯುತ್ತಿತ್ತು.

ನನ್ನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಹಳ ಹಳೆಯದು. ಹಳೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅದರಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆಲ್ಲಾದರೂ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಕಲಸುಮೇಲೋಗರ ಕಾಣುತ್ತಿತ್ತು. ಹೀಗಿರುವಾಗ ತಮ್ಮನಿಗೆ ಹೊಸ ವಿಂಡೋಸ್ ಬೇಕಾಯಿತು. ಅವನು ಯಾವುದೋ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ, ಅದರ ಪಾಠದ ಸಾಫ್ಟ್‌ವೇರು ಹಳೆಯದರಲ್ಲಿ ಕೂರುತ್ತಿರಲಿಲ್ಲ. ಹೊಸದು ಹಾಕಿದರೆ ನನ್ನ ಕೆಲಸ ನಿಲ್ಲುತ್ತದೆ, ಹಾಕದಿದ್ದರೆ ಅವನ ಭವಿಷ್ಯ ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಇಂಥ ತಕ್ಕಡಿ ಯಾವ ಕಡೆ ತೂಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ದಾರಿ ಹುಡುಕಿದೆ.

ದಾರಿ ಇತ್ತು. ಒಂದೇ ಹಾರ್ಡ್ ಡಿಸ್ಕನ್ನು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಂದೊಂದು ಸಿಸ್ಟಂ ಹಾಕಬಹುದು. ಮೆಷಿನ್ ಆನ್ ಮಾಡಿದ ತಕ್ಷಣ ಒಂದು ಮೆನು ಬರುತ್ತದೆ. ಯಾವುದು ಬೇಕೋ ಅದನ್ನು ಬಾಣದ ಕೀಲಿಯಿಂದ ಆರಿಸಿಕೊಂಡರೆ ಅದೇ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಕಲಿತೆ. ನನಗೊಂದು, ತಮ್ಮನಿಗೊಂದು, ಎರಡು ಭಾಗ ಸಾಕಾಗಿತ್ತು.

ಆಗ ಅಣ್ಣ ಎದ್ದು ಬಂದ. ಅವನಿಗೆ ಕಂಪ್ಯೂಟರಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅವನು, ಅವನ ಗದ್ದೆ, ಅವನ ಟ್ರ್ಯಾಕ್ಟರ್. ಆದರೆ ತಮ್ಮನಿಗೆ ಒಂದು ಭಾಗ ಬರುತ್ತದೆ ಅಂದಮೇಲೆ ಅವನಿಗೂ ಬರಬೇಕು, ಅದೂ ತಮ್ಮನದಕ್ಕಿಂತ ಒಂದಿಂಚೂ ಕಡಿಮೆ ಇರಬಾರದು. ಅಪ್ಪ ತೀರಿಹೋಗಿ ವರ್ಷವಾಗಿತ್ತು, ಜಮೀನು ಇನ್ನೂ ಭಾಗವಾಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹದ್ದಿನ ಕಣ್ಣಿನಿಂದ ನೋಡುತ್ತಿದ್ದ ಕಾಲ ಅದು. ಸರಿ, ಮೂರು ಭಾಗ ಮಾಡುತ್ತೇನೆ ಅಂದೆ. ಅಣ್ಣ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ, ಲೆಕ್ಕ ಬಾರದ ಮಗುವನ್ನು ನೋಡಿದ ಹಾಗೆ.

"ಗಂಡುಡುಗ್ರು ಇಬ್ರು, ಭಾಗ ಎಲ್ಡು ಕಣವ್ವ. ನಿಂದು ಯಾರ್ದುರಲ್ಲಾದ್ರೂ ಒಂದ್ ಮೂಲೇಲಿ ಇರ್ಲಿ ಬುಡು."

ನನ್ನ ಓಲೆ ಮಾರಿ ತಂದ ಮೆಷಿನ್ನು! ಮೈಯೆಲ್ಲ ಉರಿದುಹೋಯಿತು. ಮೂರಾದರೆ ಮಾಡುತ್ತೇನೆ, ಇಲ್ಲದಿದ್ದರೆ ಇದನ್ನು ತಿಪ್ಪೆಗೆ ಹಾಕುತ್ತೇನೆ ಅಂದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಡುಡುಗ್ರು ಕಣವ್ವ, ಹೋಗ್ಲಿ ಬುಡು ಅಂದಳು. ಅವಳು ಯಾವಾಗಲೂ ಅಷ್ಟನ್ನೇ ಅನ್ನುತ್ತಿದ್ದಳು. ನನ್ನ ಹಟ ನೋಡಿ ಕೊನೆಗೆ ಅಣ್ಣ ಮೂರಕ್ಕೆ ಒಪ್ಪಿದ.

ಒಂದು ಭಾನುವಾರ ಬೆಳಿಗ್ಗೆ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಭಾಗ ಮಾಡಲು ಕೂತೆ. ಅಣ್ಣ, ತಮ್ಮ ಇಬ್ಬರೂ ನನ್ನ ಹಿಂದೆ ನಿಂತರು, ಸರ್ವೆಯರ್ ಸರಪಳಿ ಹಿಡಿದಾಗ ನಿಲ್ಲುತ್ತಾರಲ್ಲ, ಹಾಗೆ. ನಮ್ಮ ಕಡೆ ಹೊಲಗದ್ದೆ ಭಾಗ ಮಾಡುವಾಗ ಎಲ್ಲರಿಗಿಂತ ಚಿಕ್ಕವನು ಮೊದಲು ಆರಿಸಬೇಕು, ಭಾಗ ಮಾಡಿದವರು ಕೊನೆಗೆ ಉಳಿದದ್ದನ್ನು ತೆಗೆದುಕೊಳ್ಳಬೇಕು. ಇಲ್ಲೂ ಹಾಗೇ ಆಗಬೇಕೆಂದು ಅಣ್ಣ ಪಟ್ಟು ಹಿಡಿದ. ಪರದೆಯ ಮೇಲೆ ಮೂರು ಸಮ ಪಟ್ಟಿಗಳು ಕಾಣುತ್ತಿದ್ದವು. ತಮ್ಮ ಮೊದಲನೆಯದನ್ನು ಮುಟ್ಟಿ ತೋರಿಸಿದ. ಅಣ್ಣ ಬಹಳ ಹೊತ್ತು ಯೋಚಿಸಿದ, ಯಾವುದು ಚೆನ್ನಾಗಿದೆ ಎಂದು ನನ್ನನ್ನೇ ಕೇಳಿದ. ಎಲ್ಲವೂ ಒಂದೇ ಎಂದರೆ ನಂಬಲಿಲ್ಲ. ಕೊನೆಯದನ್ನು ತೆಗೆದುಕೊಂಡ. ನನಗೆ ನಡುವಿನದು ಉಳಿಯಿತು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಅವರಿಬ್ಬರದು ಅಕ್ಕಪಕ್ಕ ಇದ್ದಿದ್ದರೆ ಒಬ್ಬರದನ್ನೊಬ್ಬರು ಒತ್ತಿಕೊಳ್ಳುತ್ತಿದ್ದರು. ನಾನು ನಡುವೆ ಬದುವಿನಂತೆ ಇರುತ್ತೇನೆ ಅಂದುಕೊಂಡೆ. ಎಂಥ ದಡ್ಡಿ ನಾನು! ಬದುವನ್ನೇ ತಾನೆ ಎರಡೂ ಕಡೆಯಿಂದ ಕೆರೆಯುವುದು?

ನಡುವೆ ಹಳೆ ವಿಂಡೋಸ್, ಆಮೇಲೆ ತಮ್ಮನಿಗೆ ಹೊಸದು, ಕೊನೆಗೆ ಅಣ್ಣನ ಭಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಿಸ್ಟಂ ಹಾಕಿದೆ. ನನ್ನ ಟೈಪಿಂಗ್ ಸಾಫ್ಟ್‌ವೇರಿನ ಸಿ.ಡಿ. ಗೀರು ಬಿದ್ದು ಸವೆದಿತ್ತು. ಸೆರಗಿನಿಂದ ಒರೆಸಿ ಒರೆಸಿ ಹಾಕಿದಮೇಲೆ ಹೇಗೋ ಓದಿಕೊಂಡಿತು. ಇನ್ನೊಂದು ಸಲ ಇದು ಓದುವುದಿಲ್ಲ, ಈ ಭಾಗ ಹೋದರೆ ನನ್ನ ಕೆಲಸವೇ ಹೋದಂತೆ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಇಬ್ಬರೂ ತಲೆ ಆಡಿಸಿದರು. ಮೆನುವಿನಲ್ಲಿ ಯಾರ ಹೆಸರು ಮೊದಲು ಎಂಬ ಪಂಚಾಯ್ತಿಯೂ ನಡೆಯಿತು. ಹಿರಿಯನದು ಮೊದಲು, ತಮ್ಮನದು ಎರಡನೆಯದು, ನನ್ನದು ಮೂರನೆಯದು. ನಾನು ಹತ್ತು ಸೆಕೆಂಡಿನೊಳಗೆ ಎರಡು ಸಲ ಬಾಣದ ಕೀಲಿ ಒತ್ತದಿದ್ದರೆ ಮೆಷಿನ್ನು ತಾನಾಗಿ ಅಣ್ಣನ ಭಾಗಕ್ಕೆ ಹೋಗುತ್ತಿತ್ತು.

ಅಣ್ಣ ಸಂಜೆ ಗದ್ದೆಯಿಂದ ಬಂದು, ಕಾಲು ತೊಳೆದು, ಮೆಷಿನ್ ಆನ್ ಮಾಡುತ್ತಿದ್ದ. ಪರದೆಯ ಚಿತ್ರ ಬದಲಾಯಿಸುತ್ತಿದ್ದ. ಐದು ನಿಮಿಷ ನೋಡಿ ಆಫ್ ಮಾಡಿ ಏಳುತ್ತಿದ್ದ. ತನ್ನ ಭಾಗ ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡು ಹೋದಂತೆ ಇರುತ್ತಿತ್ತು. ಪಾಪ, ಯಾವತ್ತಾದರೂ ಬೇಕಾದೀತು ಎಂದು ಅದರಲ್ಲೂ ಕನ್ನಡ ಕೀಲಿಮಣೆ ಕೂರಿಸಿಕೊಟ್ಟಿದ್ದೆ. ಅದನ್ನು ಅವನು ಒಂದು ದಿನವೂ ಮುಟ್ಟಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಕಾಲ. ಹೊಸ ಅಗ್ರಹಾರದ ಶಾಲೆಗೆ ಹೋಗಿ ಎಲ್ಲ ತರಗತಿಗಳ ಪ್ರಶ್ನೆಪತ್ರಿಕೆಗಳನ್ನು ತಂದಿದ್ದೆ. ಶನಿವಾರಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಮಧ್ಯಾಹ್ನ ಬಂದು ಕೂತು, ಎರಡು ಸಲ ಬಾಣ ಒತ್ತಿ ನನ್ನ ಸಾಲನ್ನು ಆರಿಸಿದೆ. ಪರದೆ ಕಪ್ಪಾಯಿತು. ಅಂಥ ಭಾಗವೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ ಬಂತು. ಮೆನುವಿನಲ್ಲಿ ನನ್ನ ಹೆಸರು ಹಾಗೇ ಇತ್ತು, ಹೆಸರಿನ ಹಿಂದೆ ಏನೂ ಇರಲಿಲ್ಲ.

ತಮ್ಮನನ್ನು ಕರೆದೆ. ಅವನು ಮುಚ್ಚುಮರೆ ಮಾಡಲಿಲ್ಲ, ಮಾಡುವಂಥದ್ದೇನೂ ಆಗಿಲ್ಲ ಎಂಬಂತೆ ಹೇಳಿದ. ಸಿನಿಮಾ, ಗೇಮು ತುಂಬಿಕೊಂಡು ಅವನ ಭಾಗದಲ್ಲಿ ಜಾಗ ಸಾಲದಾಗಿತ್ತಂತೆ. ಪಕ್ಕದಲ್ಲಿದ್ದ ನನ್ನ ಭಾಗವನ್ನು ಅಳಿಸಿ ತನ್ನದಕ್ಕೆ ಸೇರಿಸಿಕೊಳ್ಳಲು ಹೋದನಂತೆ. ಅಷ್ಟರಲ್ಲಿ ಅಣ್ಣ ಬಂದನಂತೆ. ಅಣ್ಣ ಬಂದವನು ತಡೆದನೇ? ಇಲ್ಲ. ಅರ್ಧ ನನಗೂ ಬಿಡು ಅಂದನಂತೆ. ಕಾಲುವೆ ನೀರಿಗೆ, ಸೌದೆಗೆ, ಕೊನೆಗೆ ಟಿವಿ ರಿಮೋಟಿಗೂ ಜಗಳವಾಡುವ ಇಬ್ಬರು ನನ್ನ ಭಾಗವನ್ನು ಸರಿಯಾಗಿ ಅರ್ಧರ್ಧ ಮಾಡಿಕೊಂಡಿದ್ದರು, ಒಂದು ಏರುದನಿಯೂ ಇಲ್ಲದೆ.

"ನೀನ್ ಪೆನ್ ಡ್ರೈವ್‌ನಲ್ಲಿ ಇಟ್ಕೊಂಡಿದ್ದೀಯಲ್ಲ ಅಕ್ಕ, ಎಲ್ಲ ಐತೆ ಬುಡು."

ಇತ್ತು. ಫೈಲುಗಳೆಲ್ಲ ಇದ್ದವು, ಒಂದರಲ್ಲೂ ಕನ್ನಡ ಇರಲಿಲ್ಲ. ಸಿ.ಡಿ.ಯನ್ನು ಒರೆಸಿದೆ, ಊದಿದೆ, ಬಿಸಿಲಿಗೆ ಹಿಡಿದೆ. ಅದು ಓದಲಿಲ್ಲ. ಶನಿವಾರ ಬರಿಗೈಯಲ್ಲಿ ಶಾಲೆಗೆ ಹೋದೆ. ಹೆಡ್ ಮೇಡಂ ಬೈಯಲಿಲ್ಲ. ಕೆ.ಆರ್. ನಗರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುತ್ತೇವೆ ಬಿಡಮ್ಮ ಎಂದು ಕಾಗದಗಳನ್ನು ವಾಪಸು ತೆಗೆದುಕೊಂಡರು. ಆಮೇಲೆ ಆ ಶಾಲೆಯ ಕೆಲಸ ನನಗೆ ಬರಲಿಲ್ಲ. ಅಲ್ಲಿಂದ ಸುದ್ದಿ ಹೋಗಿ ಭೇರ್ಯದ ಶಾಲೆಯದೂ ನಿಂತಿತು.

ಇನ್ನೂ ಸಿಟ್ಟು ಬರುವ ಸಂಗತಿ ಬೇರೆ ಇದೆ. ಅಣ್ಣನ ಪಾಲಿಗೆ ಬಂದ ನನ್ನ ಅರ್ಧ ಭಾಗ ಇವತ್ತಿಗೂ ಖಾಲಿ ಬಿದ್ದಿದೆ. ಅದನ್ನು ಅವನ ಭಾಗಕ್ಕೆ ಸೇರಿಸುವುದು ತಮ್ಮನಿಗೆ ಗೊತ್ತಾಗಲಿಲ್ಲ, ಅಣ್ಣನಿಗೆ ಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅದು ತಮ್ಮನೊಬ್ಬನಿಗೇ ಹೋಗಬಾರದು ಎನ್ನುವುದಷ್ಟೆ. ನನ್ನ ಅನ್ನ ಅದಕ್ಕೆ ಹೋಯಿತು.

ಅಣ್ಣನ ಭಾಗದಲ್ಲಿ ಕೂತುಕೋ ಎಂದು ಅವ್ವ ಹೇಳಿದಳು. ಅಣ್ಣನೂ ದೊಡ್ಡ ಮನಸ್ಸು ಮಾಡಿದ. ಬೇರೆ ದಾರಿ ಇರಲಿಲ್ಲ, ಕೂತೆ. ಅಲ್ಲಿಯ ಕನ್ನಡದ ಕೀಲಿಗಳು ಬೇರೆ ಜಾಗದಲ್ಲಿದ್ದವು. ಬೆರಳು ಒಂದು ಕಡೆ ಹೋದರೆ ಅಕ್ಷರ ಇನ್ನೊಂದು ಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಮೊದಲಿನಿಂದ ಕಲಿತೆ. ಕಲಿಯುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು.

ಆ ಹೊತ್ತಿಗೇ ಜಮೀನು ಭಾಗ ಮಾಡುವ ಮಾತೂ ಬಂತು. ಒಂದು ಬೆಳಿಗ್ಗೆ ಅಣ್ಣ ಕೈಯಲ್ಲಿ ಕಾಗದ ಹಿಡಿದು ನನ್ನ ಮೇಜಿಗೆ ಬಂದ. ತಮ್ಮ ಅವನ ಹಿಂದೆ ನಿಂತಿದ್ದ. ಕೆ.ಆರ್. ನಗರದ ಪತ್ರ ಬರಹಗಾರರು ಪೆನ್ನಿನಲ್ಲಿ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ. ನಾನು ಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಅಪ್ಪನ ಜಮೀನಿನಲ್ಲಿ ನನ್ನ ಹಕ್ಕನ್ನು ಸೋದರರಿಗೆ ಬಿಟ್ಟಿದ್ದೇನೆ ಎಂದಿತ್ತು. ಅದನ್ನು ನಾನೇ ಟೈಪ್ ಮಾಡಬೇಕಂತೆ. ಮನೆಯಲ್ಲೇ ಟೈಪ್ ಮಾಡುವವಳು ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗುವುದು ಎಂದ. ಮದುವೆಯಲ್ಲಿ ನಿನಗೆ ಕೊಡುವುದನ್ನೆಲ್ಲ ಕೊಟ್ಟಾಗಿದೆಯಲ್ಲ ಎಂದೂ ಸೇರಿಸಿದ.

ಮೆಷಿನ್ ಆನ್ ಮಾಡಿದೆ. ಮೆನು ಬಂತು. ಮೂರನೆಯ ಸಾಲಿಗೆ ಇಳಿದು ಒತ್ತಿದೆ. ಅಂಥ ಭಾಗವೇ ಇಲ್ಲ ಎಂದು ಬಂತು. ಅಣ್ಣನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಇದ್ರಲ್ಲಿ ನನ್ ಭಾಗನ ಅರ್ಧರ್ಧ ತಿಂದ್ರಿ. ಜಮೀನಲ್ಲೂ ತಿನ್ನೋಕೆ ನನ್ ಕೈಲೇ ಬರೆಸ್ತೀರಾ? ಈ ಸಲ ಮೂರು ಭಾಗ ಕಣಣ್ಣ. ಅದ್ನ ನಾನೇ ಟೈಪ್ ಮಾಡ್ತೀನಿ."

ಅಣ್ಣನ ಭಾಗವನ್ನೇ ತೆರೆದು, ಅವನ ಭಾಗದಲ್ಲೇ ಕೂತು, ಅವನ ಎದುರಿಗೇ ಭೇರ್ಯದ ನಾಡಕಚೇರಿಗೆ ಪೌತಿ ಖಾತೆಯ ಅರ್ಜಿ ಟೈಪ್ ಮಾಡತೊಡಗಿದೆ. ಅಪ್ಪ ತೀರಿಹೋಗಿರುವುದರಿಂದ ಜಮೀನಿನ ಖಾತೆ ಈ ಕೆಳಗಿನ ವಾರಸುದಾರರ ಹೆಸರಿಗೆ ಆಗಬೇಕು ಎಂದು ಬರೆದೆ. ಅಣ್ಣನ ಹೆಸರು, ನನ್ನ ಹೆಸರು, ತಮ್ಮನ ಹೆಸರು. ಬೆರಳು ಒಂದು ಕೀಲಿಯನ್ನೂ ತಪ್ಪಲಿಲ್ಲ. ಅಣ್ಣ ಕಾಗದ ಮಡಚಿ ಜೇಬಿಗಿಟ್ಟು, ಇವಳಿಗೆ ತಲೆ ಕೆಟ್ಟಿದೆ ಎಂದು ಹೊರಗೆ ಹೋದ. ತಮ್ಮನೂ ಅವನ ಹಿಂದೆಯೇ ಹೋದ.

ಅವ್ವ ಅಡುಗೆಮನೆಯ ಬಾಗಿಲು ಬಿಟ್ಟು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದಳು. ಹೋಗ್ಲಿ ಬುಡು ಅನ್ನುತ್ತಾಳೆ, ಹಾಗೆ ಅಂದಳೋ ಇವತ್ತು ಅವಳ ಮೇಲೂ ಹಾರಿಬೀಳುತ್ತೇನೆ ಎಂದು ಕಾದೆ. ಅವಳು ಪರದೆಯ ಸಾಲುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು.

"ಮೂರೇಯಾ ಮಗ? ನಂದು ಎಲ್ಲೈತೆ?"

ಡಿಸ್ಕನ್ನು ಭಾಗ ಮಾಡಿದಾಗಲೂ ಮೂರು ಅಂದಿದ್ದೆ, ಈಗಲೂ ಮೂರು ಅಂದಿದ್ದೆ, ಅಷ್ಟು ಗಟ್ಟಿಯಾಗಿ. ಕಾನೂನು ಗೊತ್ತಿಲ್ಲದೆ ಅಲ್ಲ. ಅಪ್ಪನ ಹೆಂಡತಿಗೂ ಒಂದು ಭಾಗವಿದೆ ಎಂದು ಗೊತ್ತಿದ್ದೂ ಅವಳು ನೆನಪಾಗಿರಲಿಲ್ಲ. ಅಷ್ಟು ದಿನ ಅಣ್ಣತಮ್ಮಂದಿರ ಮೇಲಿದ್ದ ಸಿಟ್ಟು ಒಮ್ಮೆಲೇ ನನ್ನ ಮೇಲೆ ತಿರುಗಿತು. ಕರ್ಸರನ್ನು ಅಣ್ಣನ ಹೆಸರಿಗಿಂತ ಮೇಲೆ ತಂದು ಒಂದು ಸಾಲು ಜಾಗ ಮಾಡಿದೆ. ಅವ್ವನ ಹೆಸರಿನ ಕಾಗುಣಿತ ಆಧಾರ್ ಕಾರ್ಡಿನಲ್ಲಿ ಹೇಗಿದೆ ಎಂದು ಕೇಳಿದೆ. ಅವಳು ಕಾರ್ಡು ತರಲು ಒಳಗೆ ಓಡಿದಳು.