ಮುಖ ನೋಡದ ಅಕ್ಕೋರು

ಕನಸು ಕಾಣಲು ಜೋಹರಾ ಅವರಿಗೆ ನಿದ್ದೆ ಬರಬೇಕೆಂದೇನೂ ಇರಲಿಲ್ಲ. ಬೆಳಗಾವಿಯ ದರಬಾರ ಗಲ್ಲಿಯ ಮನೆಯಿಂದ ಹೊರಟು, ಪ್ಯಾಸೆಂಜರ್ ಗಾಡಿಯ ಕಿಟಕಿಯ ಪಕ್ಕ ಕುಳಿತರೆ ಸಾಕು, ಮಂಜು, ಗದ್ದೆ, ದೇಸೂರಿನ ಸಣ್ಣ ಸ್ಟೇಶನ್ನು ಎಲ್ಲವೂ ಕರಗಿ ಒಂದಾಗುತ್ತಿದ್ದವು. ಹಾಗೆ ಎರಡು ಸಲ ಖಾನಾಪುರದಲ್ಲಿ ಇಳಿಯುವುದನ್ನೇ ಮರೆತು ಗುಂಜಿಯವರೆಗೆ ಹೋಗಿದ್ದರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಕನಸು ಯಾವ ಭಾಷೆಯಲ್ಲಿ ಬೀಳುತ್ತದೆ ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದರು. ಖಾನಾಪುರದ ಹೊಳೆದಂಡೆಯ ಶಾಲೆಯಲ್ಲಿ ಒಂದನೆಯ ಇಯತ್ತೆ, ಅಂದರೆ ಒಂದನೆಯ ತರಗತಿ, ಅವರದು. ಮಕ್ಕಳಿಗೆ ಅವರು ಅಕ್ಕೋರು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಶಾಲೆಗೆ ರೇಡಿಯೋ ಬಂತು. ಹೆಡ್‌ಮಾಸ್ತರ ಚನ್ನಬಸಯ್ಯನವರು ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ಕಪಾಟಿಗೆ ಬೀಗ ಜಡಿದರು. ಮಕ್ಕಳಿಗೆಂದು ಬಂದದ್ದನ್ನು ಮಕ್ಕಳಿಂದಲೇ ಬಚ್ಚಿಡುವ ಕಲೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೋಹರಾ ತಿಂಗಳುಗಟ್ಟಲೆ ಬೆನ್ನು ಹತ್ತಿದರು.

“ಅರ್ಧಾ ತಾಸು ಕೊಡ್ರಿ ಸರ್. ನಮ್ಮ ಹುಡುಗರು ಕಥಿ ಕೇಳ್ತಾವು.”

“ಒಂದನೇತ್ತೆ ಹುಡುಗರಿಗೇನು ತಿಳೀತೈತಿ ಬಾಯಾರ?” ಎನ್ನುತ್ತಲೇ ಕೊನೆಗೊಂದು ದಿನ ಕೀಲಿಕೈ ಕೊಟ್ಟರು.

ಧಾರವಾಡದಿಂದ ಒಂದು ಹೆಂಗಸಿನ ದನಿ ತೇಲಿ ಬಂತು. ಗುಬ್ಬಿಯ ಕಥೆ. ನಡುವೆ ಆ ದನಿ ನಿಂತು ಕೇಳಿತು: “ಮಕ್ಕಳೇ, ಬಾಯಾರಿದ ಗುಬ್ಬಿ ಎಲ್ಲಿಗೆ ಹೋಯಿತು?”

“ಹೊಳಿಗೆ ಹೋತ್ರಿ, ನೀರು ಕುಡ್ಯಾಕ.”

ಇಡೀ ವರ್ಗ ಹಿಂದಿರುಗಿ ನೋಡಿತು. ಹೇಳಿದವಳು ಬಾಳವ್ವ. ಜೂನಿನಿಂದ ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ. ಹಾಜರಿ ಕರೆದರೂ ತಲೆ ಬಗ್ಗಿಸಿ ಕೂರುತ್ತಿದ್ದಳು. ಹುಡುಗರು ಮೂಕಿ ಎಂದೇ ಹೆಸರಿಟ್ಟಿದ್ದರು.

ಜೋಹರಾಗೆ ಸಂತೋಷವಾಯಿತು. ಆಮೇಲೆ, ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಹೊಟ್ಟೆಕಿಚ್ಚೂ ಆಯಿತು. ಮೂರು ತಿಂಗಳು ಎತ್ತಿ ಆಡಿಸಿದ್ದು ತಾವು, ಮಾತು ಸಿಕ್ಕಿದ್ದು ಡಬ್ಬಿಗೆ! ಮರುದಿನ ಅವಳ ಮುಂದೆ ಕುಳಿತು, ಗಲ್ಲ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಅದನ್ನೇ ಕೇಳಿದರು. ಬಾಳವ್ವ ಮತ್ತೆ ಕಲ್ಲಾದಳು. ವಾರವಿಡೀ ಗಾಡಿಯ ಕಿಟಕಿಯಲ್ಲಿ ಅದನ್ನೇ ಯೋಚಿಸುತ್ತ ಹೋದ ಮೇಲೆ ಜೋಹರಾಗೆ ಹೊಳೆಯಿತು: ರೇಡಿಯೋಕ್ಕೆ ಕಣ್ಣಿಲ್ಲ. ಅದು ಯಾರ ಮುಖವನ್ನೂ ನೋಡುವುದಿಲ್ಲ. ಈ ಮಗುವಿಗೆ ಅಂಜಿಕೆ ಮಾತಿನದಲ್ಲ, ನೋಟದ್ದು.

ದಸರಾ ಸೂಟಿ ಹತ್ತಿರ ಬಂದಾಗ ಅವಳಪ್ಪ ಭರಮಣ್ಣ ಶಾಲೆಗೆ ಬಂದ.

“ಅಕ್ಕೋರ, ನಮ್ಮ ಹುಡುಗಿ ಮಾತಾಡ್ತಾಳ ಅಂತೀರಿ. ಸೂಟಿ ಮುಗದ ದಿನ ನಾನ ಬಂದು ಕೇಳ್ತೇನ್ರಿ. ಮಾತಾಡಿದ್ರ ಸಾಲಿ, ಇಲ್ಲಂದ್ರ ಆಡು ಕಾಯಾಕ ಹಚ್ಚತೇನಿ.”

“ಬರ್ರಿ, ರೇಡಿಯೋ ಹಚ್ಚಿ ತೋರಸ್ತೀನಿ” ಎಂದರು ಜೋಹರಾ, ಧೈರ್ಯದಿಂದ.

ಆದರೆ ನಡುವೆ ಖಂಡೇನವಮಿಯ ಆಯುಧಪೂಜೆ ಬಂತು. ಚನ್ನಬಸಯ್ಯನವರು ಶಾಲೆಯ ಗಂಟೆ, ಗ್ಲೋಬು, ತಕ್ಕಡಿಗಳ ಸಾಲಿನಲ್ಲಿ ರೇಡಿಯೋವನ್ನೂ ಇಟ್ಟರು. ಕುಂಕುಮ ಹಚ್ಚಿದರು, ಚೆಂಡು ಹೂವಿನ ಮಾಲೆ ಹಾಕಿದರು. ಕಾಯಿ ಒಡೆದು, ಭಕ್ತಿ ಉಕ್ಕಿ, ಕಾಯಿಯ ನೀರನ್ನು ರೇಡಿಯೋದ ಜಾಲರಿಯ ಮೇಲೆಯೇ ಸುರಿದರು. ಅಲ್ಲಿಗೆ ಅದರ ಉಸಿರು ನಿಂತಿತು.

ಸೂಟಿ ಮುಗಿದ ದಿನ ಭರಮಣ್ಣ ಹೇಳಿದ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತ. ಚನ್ನಬಸಯ್ಯನವರು ಬಟನ್ನು ತಿರುವಿ ತಿರುವಿ ಬೆವತಿದ್ದರು; ಹಣೆಯ ವಿಭೂತಿ ಹುಬ್ಬಿಗೆ ಇಳಿದಿತ್ತು. “ತಪ್ಪು ನಂದೈತ್ರಿ ಬಾಯಾರ” ಎಂದರು ಮೆಲ್ಲಗೆ. ಆ ಮಾತು ಕೇಳಿದ ಮೇಲೆ ಅವರನ್ನು ಬೈಯಲು ಜೋಹರಾಗೆ ಮನಸ್ಸಾಗಲಿಲ್ಲ. ಸೆರಗು ಬಿಗಿದು ಕಪಾಟಿನ ಹಿಂದೆ ಹೋಗಿ ಅಡಗಿದರು.

“ಮಕ್ಕಳೇ, ಗುಬ್ಬಿ ಗೂಡು ಕಟ್ಟಲು ಏನೇನು ತಂದಿತು?”

ದನಿ ಧಾರವಾಡದ್ದೇ ಎನ್ನುವಂತಿತ್ತು, ಆದರೆ ನಡುಗುತ್ತಿತ್ತು. ಹೊರಗೆ ಮಲಪ್ರಭೆಯ ಮೇಲಿನ ಮಂಜು ಇನ್ನೂ ಚದುರಿರಲಿಲ್ಲ. ಜೋಹರಾ ಮತ್ತೊಮ್ಮೆ ಕೇಳಿದರು. ಭರಮಣ್ಣ ಲೊಚಗುಟ್ಟಿ ಒಳಗೆ ಬಂದು ಮಗಳ ರಟ್ಟೆ ಹಿಡಿದ.

“ನಡಿ, ಹೋಗೂಣು.”

“ಅಪ್ಪಾ, ರೇಡಿಯೋ ಕೆಟ್ಟೈತಿ” ಎಂದಳು ಬಾಳವ್ವ. “ಅಲ್ಲಿ ನಮ್ಮ ಅಕ್ಕೋರು ಅದಾರ.”

ಭರಮಣ್ಣನ ಕೈ ಸಡಿಲಾಯಿತು.

“ಅಕ್ಕೋರ, ಹೊರಗ ಬರ್ರಿ. ಹೇಳ್ತೇನಿ” ಎಂದು ಬಾಳವ್ವನೇ ಕರೆದಳು.

ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಜೋಹರಾ ಬಂದರು. ಎಲ್ಲಿ ನೋಡಿಬಿಟ್ಟರೆ ಮಾತು ಹಾರಿಹೋಗುತ್ತದೋ ಎಂದು ನೆಲದ ಮೇಲೆ ಕುಳಿತು, ಸೆಗಣಿ ಸಾರಿಸಿದ ನೆಲವನ್ನೇ ದಿಟ್ಟಿಸಿದರು.

“ಹುಲ್ಲ ತಂತ್ರಿ” ಎಂದಳು ಬಾಳವ್ವ. “ಹತ್ತಿ ತಂತು. ಆಮ್ಯಾಲ…” ಎಂದು ಅಲ್ಲೇ ನಿಂತಳು.

ಜೋಹರಾ ಕಣ್ಣೆತ್ತಲಿಲ್ಲ. ಪುಟ್ಟ ಕಾಲುಗಳು ಎರಡು ಹೆಜ್ಜೆ ಹತ್ತಿರ ಬಂದವು.

“ಅಕ್ಕೋರ, ಈ ಕಡೆ ನೋಡ್ರೀ. ನಿಮಗ ಹೇಳಾಕತ್ತೇನಿ.”