ಮಾತ್ರೆ ಹೇಳಿಸಿದ ಹೆಸರು

ಅರವತ್ತರ ದಶಕದ ಮಾತು. ನಾನು ಯಲಹಂಕದ ಒಕ್ಕಲು ಮನೆಗೆ ಸೊಸೆಯಾಗಿ ಹೋದ ಸ್ವಲ್ಪ ಕಾಲಕ್ಕೇ ಅತ್ತೆಗೆ ಮರೆವು ಶುರುವಾಯಿತು. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಹಾಲು ಕರೆದು ತಂದಿಟ್ಟವರೇ ಮತ್ತೆ ಚೊಂಬು ಹಿಡಿದು ಕೊಟ್ಟಿಗೆಗೆ ಹೊರಡುತ್ತಿದ್ದರು. ಒಂದೆಲಗದ ಚಟ್ನಿ ತಿಂದು ತಿಂದು ನಮ್ಮೆಲ್ಲರ ನಾಲಿಗೆ ಕೆಟ್ಟಿತೇ ಹೊರತು ಅವರ ಮರೆವು ಹೋಗಲಿಲ್ಲ. ಕೊನೆಗೆ ಮಾವ ಮತ್ತು ನಾನು ಅವರನ್ನು ಯಶವಂತಪುರದ ಡಾಕ್ಟರ ಬಳಿ ಕರೆದುಕೊಂಡು ಹೋದೆವು.

ಊರು ಯಾವುದೆಂದರೆ ಅತ್ತೆ ಸರಿಯಾಗಿ ಹೇಳಿದರು. ಮಕ್ಕಳೆಷ್ಟೆಂದರೆ ತಡವರಿಸಿದರು. "ನಿಮ್ಮ ಯಜಮಾನರ ಹೆಸರೇನಮ್ಮ?" ಎಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದರು.

"ಗಂಡನ ಹೆಸರು ಹೇಳಬಾರ್ದಲ್ವಾ ಡಾಕ್ಟ್ರೇ, ಅದಕ್ಕೆ," ಎಂದೆ. ಓದಿದವಳಾದರೂ ನಾನೇ ರೇಷನ್ ಅಂಗಡಿಯಲ್ಲಿ ಪಕ್ಕದವರಿಂದ ಹೆಸರು ಹೇಳಿಸುತ್ತಿದ್ದೆ.

"ಅದೆಲ್ಲ ನಂಗೂ ಗೊತ್ತಮ್ಮ. ಇವರಿಗೆ ಮರ್ತೇ ಹೋಗಿದೆ," ಎಂದ ಡಾಕ್ಟರು, ಮಿದುಳಿಗೆ ರಕ್ತ ಚೆನ್ನಾಗಿ ಹರಿಸುತ್ತದೆಂದು ಮಾತ್ರೆ ಬರೆದುಕೊಟ್ಟರು. ಮುಂದಿನ ತಿಂಗಳೂ ಇದನ್ನೇ ಕೇಳುತ್ತಾರಂತೆ, ಗುಣ ಕಾಣದಿದ್ದರೆ ಮಾತ್ರೆ ನಿಲ್ಲಿಸುತ್ತಾರಂತೆ. ಇದೆಂಥ ಪರೀಕ್ಷೆ ಎಂದು ನನಗೆ ಸಿಟ್ಟು ಬಂತು.

ತಿಂಗಳಾದ ಮೇಲೆ ಅದೇ ಪ್ರಶ್ನೆ. ಅತ್ತೆ ಸೆರಗು ಮುಟ್ಟಲಿಲ್ಲ. ಪಕ್ಕದ ಮನೆ ಹುಡುಗನ ಹೆಸರು ಹೇಳುವಷ್ಟು ಸಲೀಸಾಗಿ ಮಾವನ ಹೆಸರು ಹೇಳಿಬಿಟ್ಟರು.

"ನೋಡಿದ್ರಾ, ಔಷಧಿ ಕೆಲ್ಸ ಮಾಡ್ತಿದೆ!" ಡಾಕ್ಟರ ಮುಖ ಅರಳಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಸರು ನೆನಪಾಗಿತ್ತೋ, ಅದನ್ನು ಹೇಳಬಾರದೆಂಬುದೇ ಮರೆತುಹೋಗಿತ್ತೋ?

ವಾಪಸು ಬರುವಾಗ ಬಸ್ಸಿನಲ್ಲಿ, "ಮಾವ, ಮಾತ್ರೆ ನಿಲ್ಲಿಸಿಬಿಡೋಣ್ವಾ? ಮರೆವು ಜಾಸ್ತಿ ಆಗ್ತಿದೆ ಅನ್ಸುತ್ತೆ," ಎಂದೆ. ಅವರು ಕಿಟಕಿಯಾಚೆಯ ದ್ರಾಕ್ಷಿ ತೋಟ ನೋಡುತ್ತಿದ್ದರು. ಅಷ್ಟರಲ್ಲಿ ಅತ್ತೆ ಮತ್ತೆ ಆ ಹೆಸರು ಹಿಡಿದು ಜೋರಾಗಿ ಕೂಗಿದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೆಯಿಂದ ಮುದುಡಿಹೋದೆ.

"ಓ, ಇಲ್ಲೇ ಇವ್ನಿ ಕಣೇ," ಎಂದರು ಮಾವ. ಅವರ ಕಣ್ಣು ತುಂಬಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಮಾತ್ರೆ ಇರ್ಲಿ ಕಣಮ್ಮ. ನಮ್ಮವ್ವ ಸತ್ಮೇಲೆ ನನ್ನ ಎಸ್ರು ಇಡ್ದು ಕರೆಯೋರೇ ಇರ್ಲಿಲ್ಲ," ಎಂದರು.

ಆ ಔಷಧಿಯಿಂದ ಗುಣವಾಯಿತೋ ಕೆಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ತಿಂಗಳ ಮಾತ್ರೆ ನಾನೇ ಹೋಗಿ ತಂದೆ.